ಇಪ್ಪತ್ತಕ್ಕೆ ಹತ್ತು

ಚದರಡಿಗೆ ಹದಿಮೂರು ರೂಪಾಯಿ. ಇಪ್ಪತ್ತಕ್ಕೆ ಹತ್ತಾದರೆ
ಇಪ್ಪತ್ತಾರುನೂರು, ಚೌಕಟ್ಟು ಬ್ಯಾರೆ, ಅಂದೆ.
ದುರಗಪ್ಪ ಮಾಸ್ತರು ಕೋಟಿನ ಒಳಕಿಸೆಯಿಂದ
ಹಳೇ ಬಸ್ ಟಿಕೀಟಿನ ಬೆನ್ನಿಗೆ ಬರೆದದ್ದು ತೆಗೆದರು:
ಶ್ರೀ ಹುಲಿಗೆಮ್ಮ ಬ್ರಾಸ್ ಬ್ಯಾಂಡ್, ಬಾಗಲಕೋಟೆ.
ಮದುವೆ, ಕುಬುಸ, ಮೆರವಣಿಗೆ. ರೇಟು ಮಾತಾಡಿ.
ಕೆಳಗೆ ನಂಬರು. ಕೊನೆಯ ಅಂಕಿ ಒಂದೋ ಏಳೋ
ಅವರಿಗೂ ಖಾತ್ರಿಯಿಲ್ಲ,
ಮೊಮ್ಮಗಳಿಗೆ ಫೋನು ಹಚ್ಚಿ ಕೇಳಿದರು.

ಫೋಟೋಕ್ಕೆಂದು ಆರೂ ಮಂದಿ ಬಂದಿದ್ದರು.
ಕೆಂಪು ಕೋಟು, ಹೆಗಲ ಮೇಲೆ ಜರಿಯ ಗೊಂಡೆ,
ಕಾಲಲ್ಲಿ ಮಾತ್ರ ಅವರವರ ಚಪ್ಪಲಿ.
ಗೈಬುಸಾಬನ ದೊಡ್ಡ ಡ್ರಮ್ಮು ಬಾಗಿಲಲ್ಲಿ ಹಿಡಿಸದೆ
ಹೊರಗಿನ ಕಟ್ಟೆಯ ಮೇಲೆ ಕೂತು ಬಿಸಿಲು ಕಾಯಿಸಿತು.
ಊದಿದಂಗ ಮಾಡ್ರಿ, ಊದಬ್ಯಾಡ್ರಿ, ಅಂದೆ.
ಗಲ್ಲ ಉಬ್ಬಿಸಿ, ಉಸಿರು ಹಿಡಿದು
ಮೂಕರಾಗಿ ನಿಂತರು.
ಮುಗಿದ ಮೇಲೆ ಟ್ರಂಪೆಟ್ಟಿನ ಮೌಲಾಲಿ ಅಂದ:
ಅಕ್ಕಾ, ಉಸುರು ಒಳಗ ಇಟ್ಕೊಳ್ಳೂದು
ಊದೂದಕ್ಕಿಂತ ತ್ರಾಸ.

ಆರು ಜನಕ್ಕೆ ಇಪ್ಪತ್ತಡಿ ಬಯಲು.
ಬ್ಯಾಂಡ್ ಸಣ್ಣದು ಕಾಣತೈತ್ರಿ, ಅಂದ ಯಾರೋ.
ಅದೇನು ದೊಡ್ಡ ಮಾತು.
ಸಾಬಣ್ಣನನ್ನು ಕತ್ತರಿಸಿ ಹಿಂದಿನ ಸಾಲಿಗೆ ಅಂಟಿಸಿದೆ,
ಎಡಬಲ ಮಗುಚಿದೆ, ಒಬ್ಬನಿಗೆ ಮೀಸೆ ಕೊಟ್ಟೆ,
ಇನ್ನೊಬ್ಬನ ಮೀಸೆ ಕಿತ್ತೆ.
ಆರು ಹನ್ನೆರಡಾಯಿತು, ಹನ್ನೆರಡು ಇಪ್ಪತ್ನಾಲ್ಕು.
ಎಡಗೈ ಗಡಿಯಾರ ಬಲಗೈಗೆ ಬಂತು. ಯಾರು ನೋಡುತ್ತಾರೆ?

ಮಾಸ್ತರು ನೋಡಿದರು.
ಕನ್ನಡಕ ಹಣೆಗೇರಿಸಿ, ಪರದೆಗೆ ಬೆರಳು ಹಚ್ಚಿ
ಒಬ್ಬೊಬ್ಬರನ್ನೇ ಎಣಿಸಿದರು.
ಖರೇನ ಇಷ್ಟ ಇದ್ವಿ ನೋಡವಾ, ಊರು ಮುಳುಗೂ ಮುಂದ.
ನೀರು ಬಂತು, ಪರಿಹಾರ ಬಂತು,
ಮೂರು ಮಂದಿ ಸಾಂಗಲಿಗೆ, ಇಬ್ಬರು ಗೋವಾಕ್ಕ,
ಒಬ್ಬಾಂವ ಇಲ್ಲೇ ಸೆಕ್ಟರಿನ್ಯಾಗ ಕಿರಾಣಿ ಇಟ್ಟಾನ,
ಕರೆದರ ತಕ್ಕಡಿ ನೋಡತಾನ, ನನ್ನ ನೋಡೂದಿಲ್ಲ.
ಈ ಹಿಂದಿನ ಸಾಲಿನ್ಯಾಗ ಸಾಬಣ್ಣನ್ನ ನಿಂದರಿಸಿಯಲ್ಲ,
ಅದು ಗಂಗಪ್ಪನ ಜಾಗಾ.
ಸಾಬಣ್ಣಗ ಅಲ್ಲಿ ನಿಂದರಾಕ ಬರೂದಿಲ್ಲ. ತಗಿ.

ತೆಗೆದೆ. ಹದಿನೆಂಟು ಸಲ ಒತ್ತಿದೆ.
ಮತ್ತ ಈ ಖಾಲಿ ಜಾಗಾಕ್ಕ ಏನ್ ಹಾಕಲಿ? ಗುಲಾಬಿ? ಪಟಾಕಿ?
ಇರಲಿ ಬಿಡು, ಅಂದರು,
ಬ್ಯಾಂಡಿನ ಮುಂದ ಕುಣಿಯಾವ್ರಿಗೆ ಜಾಗಾ ಬೇಕಲ್ಲ.

ವಿಳಾಸ?
ತುಸು ತಡೆದು, ಹಳೇ ಊರು, ಬಾವಿ ಓಣಿ, ಅಂದರು.
ಬೇಸಿಗೆಯಲ್ಲಿ ನೀರಿಳಿದರೆ ಅಲ್ಲಿ ಒಂದು ಗೋಡೆ,
ಅರ್ಧ ಮೆಟ್ಟಿಲು ಕಾಣುತ್ತವಂತೆ.
ಗಿರಾಕಿ ಹ್ಯಾಂಗ ಬರತಾರ್ರೀ ಅಲ್ಲಿಗೆ?
ಬರೂದು ಯಾಕ, ಫೋನ್ ಮಾಡತಾರ.
ಓಣಿ ಅಂತೂ ತೊಯ್ತು, ಹೆಸರರೆ ಒಣಗಿರಲಿ.
ಹಳದಿ ಅಕ್ಷರ, ಕರಿ ಅಂಚು.
ಓಡುವ ಬಸ್ಸಿನಿಂದ ಓದುವಷ್ಟು ದಪ್ಪ ಮಾಡಿದೆ.

ಬಸ್‌ಸ್ಟ್ಯಾಂಡಿನೆದುರು ಕಬ್ಬಿಣದ ಚೌಕಟ್ಟಿನ ಮೇಲೆ
ಬಾಳು ಬ್ಲೇಡು ಕಚ್ಚಿಕೊಂಡು ಹತ್ತಿದ.
ಅಲ್ಲಲ್ಲಿ ಅರ್ಧಚಂದ್ರ ಸೀಳಬೇಕು. ಗಾಳಿ ಹಾಯದಿದ್ದರೆ
ರಾತ್ರೋರಾತ್ರಿ ಹರಿದು ಕರೆಂಟಿನ ತಂತಿಗೆ ಜೋತು ಬೀಳುತ್ತದೆ.
ಮುಖಕ್ಕ ಹಚ್ಚಬ್ಯಾಡೋ, ಕೆಳಗಿನಿಂದ ಒದರಿದೆ,
ಖಾಲಿ ಇದ್ದಲ್ಲಿ ಕೊಯ್ಯಿ!
ಎಷ್ಟು ಕೊಯ್ದನೋ, ಎಣಿಸಲಿಲ್ಲ.

ಸಂಜೆ ಹಿನ್ನೀರಿನ ಕಡೆಯಿಂದ ಗಾಳಿ ಎದ್ದಿತು.
ಫ್ಲೆಕ್ಸು ಎದೆಯುಬ್ಬಿಸಿತು. ಸೀಳುಗಳು ಬಾಯ್ತೆರೆದು
ಒಂದರ ಹಿಂದೊಂದು ಹೂಂಗುಟ್ಟಿದವು.
ಇಳಕಲ್ ಬಸ್ಸಿಗೆ ನಿಂತವರು ತಲೆ ಎತ್ತಿ ನೋಡಿ
ಮತ್ತೆ ಚೀಲ ಹೊತ್ತು ಓಡಿದರು.
ಮಾಸ್ತರು ಚಹಾದ ಕಪ್ಪು ಕಟ್ಟೆಗಿಟ್ಟು
ಕಣ್ಣು ಮುಚ್ಚಿ, ಒಂದು ಕಿವಿ ಮೇಲಕ್ಕೆ ಮಾಡಿ ನಿಂತರು.

ಸುರ ಒಂಚೂರು ಇಳದೈತಿ, ಅಂದರು.

ಬಾಕಿ ಆರುನೂರು ಇನ್ನೂ ಬಂದಿಲ್ಲ.