ಮೂರನೆಯ ಕರಡು

ದುರ್ಗಿಗುಡಿ, ಜೆರಾಕ್ಸ್ ಅಂಗಡಿಯ ಅಟ್ಟ.
ಲಗ್ನಪತ್ರಿಕೆ, ಶಿವಗಣಾರಾಧನೆಯ ಕಾರ್ಡು, ಪಹಣಿ ಅರ್ಜಿಗಳ ನಡುವೆ
ಡಾಕ್ಟರು ಹಾಲಸ್ವಾಮಿಯವರ ಸ್ನಾಯುಗಳನ್ನು ಟೈಪು ಮಾಡುತ್ತೇನೆ,
ಪುಟಕ್ಕೆ ಹದಿನೆಂಟು ರೂಪಾಯಿ.

ಮೂವತ್ತೆರಡು ವರ್ಷ ಹೆಣ ಬಿಡಿಸಿ ಪಾಠ ಹೇಳಿದವರು.
ಈಗ ರವೀಂದ್ರನಗರದಿಂದ ನಡೆದೇ ಬರುತ್ತಾರೆ,
ಕೊಡೆಯ ಒಳಗೆ ಸುರುಳಿ ಸುತ್ತಿದ ಹಸ್ತಪ್ರತಿ.
ಎರಡು ತಲೆಯದು ದ್ವಿಶಿರಸ್ಕ, ಮೂರರದು ತ್ರಿಶಿರಸ್ಕ,
ಮಡಿಸುವುದು ಆಕುಂಚಕ, ಚಾಚುವುದು ಪ್ರಸಾರಕ.
ಸ್ನಾಯು ಹೊರಡುವ ಮೂಳೆ ಉಗಮ, ಹೋಗಿ ಸೇರುವ ಮೂಳೆ ನಿವೇಶ.
ತವರು, ಗಂಡನ ಮನೆ ಅಂತ ನೆನಪಿಟ್ಟುಕೊಂಡೆ.
ಎಳೆತ ಬಿದ್ದಾಗ ಅಲುಗುವುದು ಸೇರಿದ ಮನೆಯಂತೆ,
ತವರು ಕದಲುವುದಿಲ್ಲವಂತೆ.

ಫಾಂಟು ಬದಲಾದರೆ ಒತ್ತಕ್ಷರ ಒಡೆದು ಚೌಕ ಚೌಕ.
ತ್ರಿಶಿರಸ್ಕಕ್ಕೆ ಒಂದು ತಲೆ ಕಮ್ಮಿ.

'ಮಸಲ್' ಅಂದರೆ ಹಳೇ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ ಅಂದರು,
ಚರ್ಮದ ಕೆಳಗೆ ಓಡಾಡಿದ್ದು ಕಂಡು ಇಟ್ಟ ಹೆಸರು.
ನನ್ನ ಅಂಗೈ ಕೆಳಗಿನ ಮೌಸನ್ನು ನೋಡಿದೆ.
ಹೊಟ್ಟೆಯಲ್ಲಿ ಕೆಂಪು ದೀಪ, ಬಾಲ ಮೇಜಿನ ಹಿಂದೆ.

ತೊಂಬತ್ತನಾಲ್ಕನೇ ಪುಟ:
ಮೇಲ್ದುಟಿಯನ್ನೂ ಹೊಳ್ಳೆಯನ್ನೂ ಎತ್ತುವಂಥದ್ದು,
ಉತ್ತರೋಷ್ಠನಾಸಾಪಕ್ಷೋತ್ಥಾಪಕ.
ಒಂದು ಸಾಲಿನಲ್ಲಿ ಹಿಡಿಸಲಿಲ್ಲ.
'ಸಾರ್, ಇದು ಮೂಗು ಮುರಿಯೋದಲ್ವಾ?' ಅಂದೆ.
ಅವರ ಮುಖದಲ್ಲಿ ಆ ಸ್ನಾಯುವೇ ಕೆಲಸ ಮಾಡಿತು.

ರಾತ್ರಿ ಅವ್ವ ಚಾಪೆಯಿಂದ ಚೀರಿ ಏಳುತ್ತಾಳೆ.
ಕಲ್ಯಾಣಮಂಟಪದ ಹಿತ್ತಿಲಲ್ಲಿ ಬೆಳಗಿಂದ ನಿಂತು
ಬೋಸಿ, ಕೊಳಗ, ಕಡಾಯಿ ತಿಕ್ಕಿದ ಕಾಲು.
'ಹಿಡ್ಕಂತು ಕಣೆ ಗುತ್ಯವ್ವಾ, ಮೀನಖಂಡ!'
ಕತ್ತಲಲ್ಲೇ ಒತ್ತುತ್ತೇನೆ.
ಬೆರಳ ಕೆಳಗೆ ದೊಡ್ಡದೊಂದು ಮೀನು
ಸೆಟೆದು, ಹೊರಳಿ, ಒಮ್ಮೆ ಬಾಲ ಬಡಿದು
ನಿಧಾನಕ್ಕೆ ತುಂಗೆಗೆ ಇಳಿಯುತ್ತದೆ.
ಅವ್ವನಿಗೆ ನಿದ್ದೆ ಬಂದ ಮೇಲೂ ಒತ್ತುತ್ತಲೇ ಇರುತ್ತೇನೆ.

ಮರುದಿನ ಇನ್ನೂರ ಹನ್ನೆರಡನೇ ಪುಟದಲ್ಲಿ
'ಜಂಘಾಪಿಂಡಿಕಾ' ಇದ್ದಲ್ಲಿ 'ಮೀನಖಂಡ' ಹೊಡೆದೆ.
ಕೇಳಲಿಲ್ಲ, ಹೇಳಲಿಲ್ಲ.
ಮೂರನೆಯ ಕರಡು ವಾಪಸು ಬಂತು, ಪದದ ಸುತ್ತ ಕೆಂಪು ಸುತ್ತು.
ಪಕ್ಕಕ್ಕೆ: ಇದು ನಾನು ಬರೆದದ್ದಲ್ಲ.
ಅದರ ಕೆಳಗೆ, ಬೇರೆ ದಿನದ ನೀಲಿ ಶಾಯಿಯಲ್ಲಿ:
ಇರಲಿ.

ಮಣಿಕಟ್ಟು ಹಿಡಿಯುತ್ತಿದೆ ಅಂದ ದಿನ
ಕನ್ನಡಕ ಹಣೆಗೇರಿಸಿ, ಎದುರು ಕೂತು, ತಾವೇ ಮಾಡಿ ತೋರಿಸಿದರು.
ಹೆಬ್ಬೆರಳಿಗೆ ಕಿರುಬೆರಳು ತಾಗಿಸು,
ಮಣಿಕಟ್ಟು ಒಳಕ್ಕೆ ಬಗ್ಗಿಸು.
ಅವರ ಮುದಿ ತೊಗಲಿನ ನಟ್ಟನಡುವೆ ಹುರಿಯೊಂದು ಎದ್ದು ನಿಂತಿತು,
ಬಟ್ಟೆ ಒಣಹಾಕಲು ಕಟ್ಟಿದ ಹಗ್ಗದಂತೆ.
ನನ್ನದರಲ್ಲಿ ಏನೂ ಏಳಲಿಲ್ಲ.
ಇನ್ನೊಮ್ಮೆ ಬಗ್ಗಿಸಿದೆ.

'ನಿನಗೆ ಅದಿಲ್ಲ, ಹುಟ್ಟಾ ಇಲ್ಲ. ಎಷ್ಟೋ ಜನಕ್ಕೆ ಇರೋದಿಲ್ಲ,
ಗೊತ್ತೂ ಇರೋದಿಲ್ಲ. ಏನೂ ನಷ್ಟ ಇಲ್ಲ ಬಿಡು.'
ನೋವು ಬೇರೆಯದಂತೆ. ಇಲಿಯದಂತೆ.

ಅವರು ಇಳಿದು ಹೋದಮೇಲೆ ಕರೆಂಟು ಹೋಯಿತು.
ಯುಪಿಎಸ್ಸು ಕೀಚು ಕೀಚು ಅನ್ನುತ್ತಿತ್ತು, ಇನ್ನೇಳು ನಿಮಿಷ.
ಆ ಪುಟದಲ್ಲಿ ಒಂದೇ ಹೆಸರು ಬಾಕಿ:
ದೀರ್ಘ ಕರತಲಪೇಶಿ.
ಬಲಗೈಯನ್ನು ಒಮ್ಮೆ ಸೆರಗಿಗೆ ಒರೆಸಿಕೊಂಡು
ಒಂದೊಂದೇ ಅಕ್ಷರ ಹೊಡೆದೆ.
ದೀರ್ಘಕ್ಕೆ ದೀರ್ಘ ಬಿದ್ದಿದೆಯೇ
ಎರಡು ಸಲ ನೋಡಿ
ಸೇವ್ ಒತ್ತಿದೆ.