ಹನ್ನೆರಡು ಅಕ್ಷರ

ನೆಲಮಾಳಿಗೆಯ ನನ್ನ ಕೋಣೆಗೆ ಬಂದವರೆಲ್ಲ
ಕೈಗವಸು ಕಳಚುವ ಮುಂಚೆಯೇ ಹೇಳುತ್ತಾರೆ:
‘ಸಿಗ್ನಲ್ ಪೂರ್ತಿ ಇದೆ, ಅಗಾಯ್, ಒಳಗೆ ಬಿಡುತ್ತಿಲ್ಲ.’
ಮೇಷ್ಟ್ರಿಗೆ ಅನ್ನುವ ಮಾತು ಅದು. ನಾನು ಮೇಷ್ಟ್ರಲ್ಲ.
ಅರಸ ಬಾ ಅಂದರೂ ಬಾಗಿಲವನು ಬಿಡಬೇಕಲ್ಲ,
ಆ ಬಾಗಿಲವನು.
ಬಾಗಿಲೂ ಇಲ್ಲ, ಬರೀ ಗಾಳಿ.

ಕುಮುಶ್ ಬಂದದ್ದು ಡಿಸೆಂಬರಿನ ಒಂದು ಮಂಗಳವಾರ.
ನಾರಿನ್ ನದಿ ಎರಡೂ ದಡದಿಂದ ಹೆಪ್ಪುಗಟ್ಟುತ್ತ
ನಡುವೆ ಒಂದು ಮಾರು ಕಪ್ಪು ನೀರು ಉಳಿಸಿಕೊಂಡಿತ್ತು.
ಚಳಿಗೆ ಬ್ಯಾಟರಿ ಸತ್ತೀತೆಂದು
ಲ್ಯಾಪ್‌ಟಾಪನ್ನು ಕೋಟಿನೊಳಗೆ ಎದೆಗವಚಿ ತಂದಿದ್ದಳು,
ದಿನ ತುಂಬದೆ ಹುಟ್ಟಿದ ಕುರಿಮರಿಯನ್ನು ತರುವ ಹಾಗೆ.
ಬಜಾರಿನಲ್ಲಿ ಕೊಂಡದ್ದು, ಎಷ್ಟನೆಯ ಕೈಯೋ.
ಒಂದು ಮೂಲೆ ಸೀಳಿ, ಟೇಪು ಸುತ್ತಿ,
ರಷ್ಯನ್ ಕೀಲಿಮಣೆಯಲ್ಲಿ ಜಾಗವಿಲ್ಲದ ನಮ್ಮ ಮೂರು ಅಕ್ಷರಗಳನ್ನು
ಯಾರೋ ಬಿಳಿ ಉಗುರುಬಣ್ಣದಲ್ಲಿ ಬರೆದಿದ್ದರು.

ಹೆಸರು ಹಾಕಿದಳು. ಗುಪ್ತಪದ ಹಾಕಿದಳು,
ದೊಡ್ಡಕ್ಷರ ಒಂದು, ಅಂಕಿ ಒಂದು, ಚಿಹ್ನೆ ಒಂದು,
ನಾಲಿಗೆಯ ತುದಿ ಹಲ್ಲಿನ ನಡುವೆ.
ಚಕ್ರ ತಿರುಗಿತು, ತಿರುಗಿತು, ನಿಂತಿತು.
‘ಈ ಯಂತ್ರ ಬೇರೊಬ್ಬರ ಹೆಸರಿನಲ್ಲಿದೆ.
ಕುಬಾತ್ ತೊಕ್ತೊಸುನ್ ಉಲು. ಭೌತಶಾಸ್ತ್ರ, ಎರಡನೇ ವರ್ಷ.’

‘ನಾನು ಕದ್ದದ್ದಲ್ಲ,’ ಅಂದಳು ತಕ್ಷಣ.

ಪ್ರತಿ ಯಂತ್ರಕ್ಕೂ ಹನ್ನೆರಡು ಅಕ್ಷರದ ಒಂದು ಹೆಸರಿದೆ,
ಕಾರ್ಖಾನೆ ಕೊರೆದದ್ದು; ಗಾಳಿ ಗುರುತಿಸುವುದು ಅದನ್ನೇ,
ಮುಂದೆ ಕೂತವರ ಮುಖವನ್ನಲ್ಲ.
ಇದರ ಹನ್ನೆರಡೂ ನನಗೆ ಬಾಯಿಪಾಠ.
ಶುಲ್ಕ ಕಟ್ಟಲಾಗದೆ ಕುಬಾತ್ ಬಿಟ್ಟುಹೋಗಿ ನಾಲ್ಕು ಚಳಿಗಾಲ.
ಆದರೂ ತಿಂಗಳಿಗೆ ಮೂರೋ ನಾಲ್ಕೋ ಸಲ,
ರಾತ್ರಿ ಹನ್ನೊಂದರ ಮೇಲೆ, ಉತ್ತರದ ಗೋಡೆಯ ಹತ್ತಿರ,
ಅವು ನನ್ನ ಪರದೆಯ ಮೇಲೆ ಹೊಳೆದು ಆರುತ್ತಿದ್ದವು.
ಅಳಿಸಬೇಕಾದ ಹೆಸರುಗಳ ಪಟ್ಟಿ ಪ್ರತಿ ಜೂನಿನಲ್ಲಿ ನನ್ನ ಕೈಗೇ ಬರುತ್ತದೆ.
ಆ ಸಾಲಿಗೆ ಬಂದಾಗಲೆಲ್ಲ
ನನಗೆ ಚಹಾ ನೆನಪಾಗುತ್ತಿತ್ತು.

ನಿಯಮ: ಹಳೆಯ ಒಡೆಯ ತಾನೇ ಬಿಟ್ಟುಕೊಡಬೇಕು.
ಫೋನ್ ಮಾಡಿದೆ. ಅತ್‌ಬಾಶಿಯ ದಾರಿಯಲ್ಲಿ ವ್ಯಾನು ಓಡಿಸುತ್ತಿದ್ದ;
ಹಿಂದೆ ಒಂದು ಮಗು, ಒಂದು ಕೋಳಿ,
‘ಸೇತುವೆ ಹತ್ರ ನಿಲ್ಸಪ್ಪಾ’ ಅನ್ನುವ ಅಜ್ಜಿ.
ವಿಷಯ ಹೇಳಿದೆ.
ವೈಪರ್ ಮೂರು ಸಲ ಉಜ್ಜಿತು.
‘ಇನ್ನೂ ಇದೀನಾ ನಾನು ಅದರಲ್ಲಿ?’
‘ಇದ್ದೀಯ.’
‘ಎರಡನೇ ವರ್ಷ?’
‘ಎರಡನೇ ವರ್ಷ.’
ನಕ್ಕ. ಅಥವಾ ಗೇರು ಬದಲಿಸಿದ, ಸದ್ದು ಒಂದೇ ಥರ.

‘ಎಲ್ಲರನ್ನೂ ಇಳಿಸಿ ಗೋಡೆ ಪಕ್ಕ ನಿಲ್ಲಿಸ್ತಿದ್ದೆ, ಅಗಾಯ್.
ಏನೂ ಒತ್ತಬೇಕಿರಲಿಲ್ಲ, ತಾನೇ ಹಿಡ್ಕೊಳ್ತಿತ್ತು.
ಪಾಠ ಇಳಿಸ್ಕೊಂಡು ಓದ್ತಿದ್ದೆ, ವ್ಯಾನಿನ ಬಿಸಿ ಆರೋ ತನಕ.
ಅಕ್ಟೋಬರಲ್ಲಿ ಗೇರ್‌ಬಾಕ್ಸ್ ಹೋಯ್ತು. ಮಾರಿದೆ.
ತೆಗೀರಿ ಹೆಸರು.’
ಸ್ವಲ್ಪ ತಡೆದು:
‘ಆ ಬಿಳಿ ಅಕ್ಷರ ಕೆರೀಬೇಡ ಅನ್ನಿ ಹುಡುಗಿಗೆ.
ಅಕ್ಕನ ಉಗುರುಬಣ್ಣ, ಬೈಸ್ಕೊಂಡು ಬರೆದದ್ದು.’

ತೆಗೆದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ.
ಕುಮುಶ್ ತನ್ನ ಹೆಸರು ಮತ್ತೆ ಬರೆದಳು;
ನಮ್ಮ ಲಿಪಿಯಲ್ಲಿ ಅವಳ ಹೆಸರಿಗೆ
ಬಿಳಿ ಬಣ್ಣದ ಒಂದು ಕೀಲಿ ಎರಡು ಸಲ ಬೇಕು.
ಈ ಸಲ ಚಕ್ರ ತಿರುಗಲೇ ಇಲ್ಲ.
ಬಾಕಿ ಉಳಿದ ಅಪ್‌ಡೇಟುಗಳ ರಾಶಿ ಇಳಿಯತೊಡಗಿತು,
ಒಂದೂವರೆ ಗಂಟೆ, ಮುಚ್ಚಬೇಡಿ ಅಂತ.
ಹೀಟರಿನ ಹತ್ತಿರ ಕಾದು ಕೂತಳು.

ಹೋಗುವಾಗ ಕೇಳಿದಳು, ‘ಅವರಿಗೆ ಏನೂ ಇಲ್ಲವಾ?’
ಅತಿಥಿಗಳಿಗೆ ಕೊಡುವ ಚೀಟಿಯಿದೆ, ಇಪ್ಪತ್ನಾಲ್ಕು ಗಂಟೆಯದು.
ಫೋನಿಗಾದರೂ ಆದೀತೆಂದು ಒಂದು ಹರಿದು ಕೊಟ್ಟೆ.
‘ಶುಕ್ರವಾರ ಊರಿಗೆ ಅದೇ ವ್ಯಾನು,’ ಅಂತ
ಕೈಗವಸಿನೊಳಗೆ ತುರುಕಿಕೊಂಡಳು.

ಶುಕ್ರವಾರಕ್ಕೆ ಅದರ ಆಯುಸ್ಸು ಮುಗಿದಿರುತ್ತದೆ.
ಹೇಳಲಿಲ್ಲ.
ಅವಳ ಹೆಜ್ಜೆ ಮೆಟ್ಟಿಲು ಹತ್ತಿ ಮುಗಿದ ಮೇಲೆ
ಆ ಚೀಟಿಯ ನಂಬರು ತೆರೆದು
ಇಪ್ಪತ್ನಾಲ್ಕರ ಪಕ್ಕ ಒಂದು ಸೊನ್ನೆ ಹಾಕಿದೆ.
ಸ್ವಲ್ಪ ಹೊತ್ತು ಕೂತು, ಇನ್ನೊಂದು.