ಹೆಚ್ಚು ಹೊಳೆಯುವ ಕಣ್ಣು

ವರ್ಷಕ್ಕೊಮ್ಮೆ, ನವೆಂಬರಿನಲ್ಲಿ,
ಸೋದನ್‌ಕ್ಯುಲಾದ ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಗೆ
ಕಪ್ಪು ಪರದೆ ಇಳಿಬಿಟ್ಟು
ನಾವು ನಾಯಿಗಳ ಕಣ್ಣು ನೋಡುತ್ತೇವೆ.
ನೋಡುವವರು ಡಾಕ್ಟರ್ ಸೈಮಿ. ನನ್ನದು ಹನಿ ಬಿಡುವ ಕೆಲಸ,
ಆಮೇಲೆ ಕಾಯುವ ಕೆಲಸ, ಆಮೇಲೆ ಬರೆಯುವ ಕೆಲಸ.

ಹನಿ ಬಿದ್ದ ಇಪ್ಪತ್ತು ನಿಮಿಷಕ್ಕೆ ಪಾಪೆ ಅರಳುತ್ತದೆ.
ಕಾರಿಡಾರಿನ ಬೆಂಚಿನುದ್ದಕ್ಕೂ ಹದಿನಾಲ್ಕು ನಾಯಿ,
ಎಲ್ಲವಕ್ಕೂ ಬೆಳಕು ಚುಚ್ಚುತ್ತಿದೆ,
ಒಡೆಯರ ಮೊಣಕಾಲ ಸಂದಿಗೆ ಮೂತಿ ತೂರಿಸಿವೆ.
ಒಡೆಯರ ಮಾತು ಡೀಸೆಲ್ಲಿನ ಬಗ್ಗೆ,
ಕೆರೆ ಇನ್ನೂ ಹೆಪ್ಪುಗಟ್ಟದ ಬಗ್ಗೆ,
ಫಲಿತಾಂಶದ ದಿನ ಶಾಲೆಯ ಗೇಟಿನೆದುರು ನಿಂತವರು
ಪರೀಕ್ಷೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಆಡುವ ಹಾಗೆ.

ಒಂಬತ್ತನೆಯದು ಹಿಲ್ಲಾ.
ಜವುಗಿನಲ್ಲಿ ಮಾಗುವ ಹಳದಿ ಹಣ್ಣಿನ ಹೆಸರು;
ಕರಿ ಮೈ, ಹುಬ್ಬಿನ ಮೇಲೆ ಮಾತ್ರ ಎರಡು ಹಳದಿ ಬೊಟ್ಟು.
ನಾಲ್ಕು ವರ್ಷ. ಇಸ್ಕೊನ ನಾಯಿ.
ಮುನ್ನೂರು ಹಿಮಸಾರಂಗವನ್ನು ಒಂದು ಶಿಳ್ಳೆಗೆ ತಿರುಗಿಸುವವಳು.
ಬೆದೆ ಜನವರಿಗೆ. ಮರಿಗೆಂದು ಹೆಸರು ಬರೆಸಿದ್ದು ಆಗಲೇ ಏಳು ಮನೆ;
ಒಂದು ಮನೆಯವರು ಬುಟ್ಟಿಯನ್ನೂ ಹೆಣೆಸಿಟ್ಟಿದ್ದಾರಂತೆ.

"ಇವಳ ಕಣ್ಣು ನೋಡಬೇಕು ನೀವು" ಎಂದ ಇಸ್ಕೊ,
ನೋಡಿಸಲೆಂದೇ ಬಂದವನು.
"ಗಾಡಿಯ ಲೈಟು ಬಿದ್ದರೆ ಬೇರೆ ನಾಯಿಗಳದು ಮಿಣುಕು,
ಇವಳದು ದೀಪ. ಈಚೆಗಂತೂ ಇನ್ನೂ ಜೋರು."

ಸೈಮಿ ಉತ್ತರಿಸಲಿಲ್ಲ.
ಹಣೆಯ ದೀಪ ಸರಿಮಾಡಿಕೊಂಡರು, ಬೆರಳ ತುದಿಯಲ್ಲಿ ಮಸೂರ ಹಿಡಿದರು.
ಒಂದು ಕಣ್ಣು. ಇನ್ನೊಂದು. ಮತ್ತೆ ಮೊದಲನೆಯದು.
ಅವರು ಎರಡನೇ ಸಲ ನೋಡಿದರೆ
ನನ್ನ ಪೆನ್ನು ತಾನೇ ನಿಲ್ಲುತ್ತದೆ.

ಒಮ್ಮೆ ನಾನೂ ನೋಡಿದ್ದೇನೆ, ಬೇರೆ ನಾಯಿಯದು, ಅವರ ಹೆಗಲ ಮೇಲಿಂದ:
ಕಣ್ಣಿನ ಹಿಂಗೋಡೆಗೆ ಗಂಡು ಬಾತಿನ ಕತ್ತಿನ ಬಣ್ಣದ ಕನ್ನಡಿ,
ಅದರ ಮುಂದೆ, ನೋಡುವ ತೆಳು ಪೊರೆ.
ಪೊರೆ ಸವೆದಷ್ಟೂ ಕನ್ನಡಿ ಬೆಳಗುತ್ತದೆ.
ನಾವು ಚೆಲುವೆಂದದ್ದು
ಬಟ್ಟೆ ಹರಿದು ಗೋಡೆ ಕಂಡದ್ದು.

"ಮೊದಲು ಹೋಗುವುದು ಇರುಳಿನ ನೋಟ" ಎಂದರು ಸೈಮಿ.
ಇಲ್ಲಿ ಬೇಸಿಗೆಗೆ ಇರುಳೇ ಇಲ್ಲವಲ್ಲ,
ನಡುರಾತ್ರಿಯ ಸೂರ್ಯ ಎಲ್ಲ ನಾಯಿಯ ಪರವೂ ಸಾಕ್ಷಿ ಹೇಳುತ್ತಾನೆ:
ಚೆನ್ನಾಗಿದೆ, ಚೆನ್ನಾಗಿದೆ.

ಇಸ್ಕೊ ಕೈಗವಸನ್ನು ಒಳಹೊರಗು ಮಾಡುತ್ತ ಕೂತ.
"ಹೋದ ವಾರ ಬೇಲಿಯ ಗೂಟಕ್ಕೆ ಡಿಕ್ಕಿ ಹೊಡೆದಳು.
ಬೈದೆ."
ಕಣ್ಣರಿಯದಿದ್ದರೂ ಕರುಳರಿಯುವುದಂತೆ.
ಅವನ ಕರುಳು ನಾಯಿಯನ್ನು ಬೈದಿತ್ತು, ಗೂಟವನ್ನು ಬೈದಿತ್ತು,
ಅರಿತಿರಲಿಲ್ಲ.

ಅಪ್ಪನದೊಂದು, ಅಮ್ಮನದೊಂದು,
ಎರಡೂ ಮುಚ್ಚಿದ ಮುಷ್ಟಿಯಲ್ಲಿ ಕೊಟ್ಟದ್ದು.
ಅಪ್ಪ ರಾಯ್ತೊ, ಮೂರು ಬಹುಮಾನದ ನಾಯಿ,
ಇದೇ ಕಾರಿಡಾರಿನಲ್ಲಿ ಅವನ ಫೋಟೊ ಇದೆ,
ಅವನ ಕಣ್ಣಿಗೆ ಕೊನೆತನಕ ಏನೂ ಆಗಲಿಲ್ಲ.
ರಕ್ತ ಕಳಿಸೋಣ, ಖಾತ್ರಿಯಾಗಲಿ, ಎನ್ನುತ್ತಿದ್ದರು ಸೈಮಿ.
ನಾನು 'ಮರಿಹಾಕಿಸಕೂಡದು' ಎಂಬ ಚೌಕದಲ್ಲಿ ಗುರುತು ಹಾಕಿದೆ.
ಸಾಸಿವೆ ಹಿಡಿಯದಷ್ಟು ಸಣ್ಣ ಚೌಕ.
ಏಳು ಮನೆ ಅದರೊಳಗೆ ಹೋದವು, ಬುಟ್ಟಿ ಸಮೇತ.

ಮೂರು ಗಂಟೆಗೇ ಕತ್ತಲು. ಮೆಟ್ಟಿಲ ಮೇಲೆ ಇಸ್ಕೊ,
ಕಿವಿಗೆ ಫೋನು. ಮೊದಲು ಆ ಏಳು ಮನೆಗಲ್ಲ,
ಹಿಲ್ಲಾಳ ಒಡಹುಟ್ಟಿದ ಐವರಿರುವಲ್ಲಿಗೆ.
"ನಿಮ್ಮದನ್ನೂ ತೋರಿಸಿ.
ಇಲ್ಲ, ಹೊಳೆದರೆ ಒಳ್ಳೆಯದಲ್ಲ."
ಮೂರನೆಯವರು ಕರೆ ಕತ್ತರಿಸಿದರು. ಮತ್ತೆ ಒತ್ತಿದ.
ಕಾಲ ಬಳಿ ಹಿಲ್ಲಾ, ಕಿವಿ ನಿಮಿರಿಸಿ, ಅವನ ದನಿಯ ಕಡೆಗಲ್ಲ,
ದೂರದ ಯಾವುದೋ ಗಂಟೆಯ ಕಡೆಗೆ.

ಒಳಗೆ ನಾನು ಹನಿಯ ಸೀಸೆ ಎತ್ತಿ ನೋಡಿದೆ. ತಳದಲ್ಲಿ ಸ್ವಲ್ಪ ಇತ್ತು.
ನನ್ನ ಕಾರಿನಲ್ಲಿ ರಾಯ್ತೊನ ಮೊಮ್ಮಗ ಮಲಗಿದ್ದಾನೆ;
ಮೂರು ವರ್ಷದಿಂದ ಜೊತೆಗೇ ಬರುತ್ತಾನೆ,
ಮೂರು ವರ್ಷದಿಂದ ಕಾರಿನಲ್ಲೇ ಉಳಿಯುತ್ತಾನೆ,
ಪುರುಸೊತ್ತಿಲ್ಲ ಎಂದು ಯಾರೂ ಕೇಳದೆ ಹೇಳುತ್ತ ಬಂದಿದ್ದೇನೆ.

ಸೈಮಿ ಕೋಟಿನ ಒಂದು ತೋಳು ತೊಟ್ಟಾಗಿತ್ತು.
"ಡಾಕ್ಟರೇ," ಎಂದೆ,
"ಪರದೆ ತೆಗೆಯಬೇಡಿ. ಇನ್ನೊಂದಿದೆ."